ಹಳೆಯ 21 ಅಡಿಯ ಹಾಯಿದೋಣಿಗೆ ಮುಂದಿನ ಹಾಯಿ: ಒಂದು ಹೊಸತು, ಒಂದು ಕತ್ತರಿಸಿದ್ದು

ದೋಣಿ 1970ರ ದಶಕದ ಮಾದರಿಯದು. 21 ಅಡಿ ಉದ್ದ, ಫೈಬರ್ ಒಡಲು, ಸ್ಥಿರ ಕೀಲ್ (ಒಡಲಿನಡಿಯ ರೆಕ್ಕೆ), ಮಾಸ್ಟಿನ (ಹಾಯಿಕಂಬದ) ತುತ್ತತುದಿಗೆ ಕಟ್ಟಿದ ಫೋರ್‌ಸ್ಟೇ (ಕಂಬವನ್ನು ಮುಂದಿನಿಂದ ಹಿಡಿಯುವ ತಂತಿ). ಓಡಬೇಕಾದ ನೀರು ಚಂದ್ರಗಿರಿ ಅಳಿವೆಯಿಂದ ತೆಂಕಕ್ಕೆ ಬೇಕಲ ಕೋಟೆಯ ಎದುರಿನವರೆಗಿನ ಕಡಲು. ಸ್ಪಿನ್ನೇಕರ್ (ಗಾಳಿಯ ಜೊತೆ ಹೋಗುವಾಗ ಕಟ್ಟುವ ಬುಗ್ಗೆಹಾಯಿ) ಇಲ್ಲದ ರೇಸ್, ದೋಣಿಯಲ್ಲಿ ಮೂವರು. ಕೈಯಲ್ಲಿರುವುದು ಜೋತುಬಿದ್ದ ಒಂದು 150ರ ಜೆನೊವಾ (ಮಾಸ್ಟ್ ದಾಟಿ ಹಿಂದಕ್ಕೆ ಬರುವ ದೊಡ್ಡ ಮುಂದಿನ ಹಾಯಿ), ಮತ್ತೆ ಒಂದೇ ಒಂದು ಹೊಸ ಹಾಯಿಗೆ ಸಾಲುವ ಹಣ.

ತೀರ್ಮಾನ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಸ ಹಾಯಿ 148 (ಅಂಕಿ ದೊಡ್ಡದಾದಷ್ಟೂ ಹಾಯಿ ದೊಡ್ಡದು, ಲೆಕ್ಕ ಕೆಳಗಿದೆ). ಹಳೆಯದನ್ನು ಕತ್ತರಿಸಿ 105. ಎಲ್ಲರೂ ಮೊದಲು ಕೇಳುವ ನಡುವಿನ 130 ಬೇಡ. ಆ ಮೂರನೆಯ ಹಾಯಿಗೆ ಹೋಗುವ ಹಣದ ಒಂದು ಪಾಲಿನಲ್ಲಿ ಬ್ಯಾಕ್‌ಸ್ಟೇ (ಮಾಸ್ಟಿನ ಹಿಂದಿನ ತಂತಿ) ಎಳೆಯುವ ಟ್ಯಾಕಲ್ (ರಾಟೆ-ಹಗ್ಗ), ಜಿಬ್‌ಗೆ (ಸಣ್ಣ ಮುಂದಿನ ಹಾಯಿಗೆ) ಒಳಗಿನ ಟ್ರ್ಯಾಕ್ (ಹಾಯಿಯ ಹಗ್ಗದ ರಾಟೆ ಸರಿಯುವ ಹಳಿ), ಎರಡೂ ಆಗುತ್ತವೆ. ಅವಿಲ್ಲದೆ ಮೂರು ಹಾಯಿ ಇದ್ದರೂ ಪ್ರತಿಯೊಂದೂ ನಾಲ್ಕು ನಾಟ್ (ಗಂಟೆಗೆ ಒಂದು ಕಡಲ ಮೈಲಿ ಎಂದರೆ ಒಂದು ನಾಟ್) ಅಂತರದ ಗಾಳಿಗೆ ಮಾತ್ರ ಸರಿಹೋಗುತ್ತದೆ. ಅವಿದ್ದರೆ ಎರಡೇ ಹಾಯಿಗಳ ಗಾಳಿಯ ವ್ಯಾಪ್ತಿ ಒಂದರ ಮೇಲೊಂದು ಬರುತ್ತದೆ, ನಡುವೆ ತೆರಪು ಉಳಿಯುವುದಿಲ್ಲ.

ಅಳತೆ

ಶಬ್ದಗಳು ಇಷ್ಟು ಸಾಕು: ಹಾಯಿಯ ಮುಂದಿನ ಅಂಚು ಲಫ್, ಹಿಂದಿನದು ಲೀಚ್, ಕೆಳಗಿನದು ಫುಟ್. ಮೇಲಿನ ಮೂಲೆ ಹೆಡ್, ಮುಂದಿನ ಕೆಳಮೂಲೆ ಟ್ಯಾಕ್, ಹಾಯಿ ಎಳೆಯುವ ಶೀಟ್ ಹಗ್ಗ ಕಟ್ಟುವ ಹಿಂದಿನ ಮೂಲೆ ಕ್ಲ್ಯೂ. ಮಾಸ್ಟಿನ ಮುಂಭಾಗದಿಂದ ಫೋರ್‌ಸ್ಟೇ ಡೆಕ್ ಮುಟ್ಟುವ ಜಾಗದವರೆಗಿನ ಅಡ್ಡ ದೂರ ‘ಜೆ’. ಡೆಕ್‌ನಿಂದ ಫೋರ್‌ಸ್ಟೇ ಮಾಸ್ಟಿಗೆ ಸೇರುವಲ್ಲಿಯವರೆಗಿನ ಎತ್ತರ ‘ಐ’. ಕ್ಲ್ಯೂವಿನಿಂದ ಲಫ್‌ಗೆ ನೇರ ಲಂಬ ಎಳೆದರೆ ಬರುವ ಉದ್ದ ‘ಎಲ್‌ಪಿ’. 150 ಎಂದರೆ ಎಲ್‌ಪಿಯು ಜೆಯ ಒಂದೂವರೆಪಟ್ಟು, ಅಷ್ಟೇ. ಅದು ಫುಟ್‌ನ ಉದ್ದವೂ ಅಲ್ಲ, ಹಾಯಿಯ ವಿಸ್ತೀರ್ಣವೂ ಅಲ್ಲ. ಫುಟ್ ಅಳೆದು ಜೆಯಿಂದ ಭಾಗಿಸಿ ‘ನಮ್ಮದು 155’ ಎನ್ನುವವರು ಬಹಳ. ಈ ದೋಣಿಯಲ್ಲಿ ಹಾಗೆ ಲೆಕ್ಕ ಹಾಕಿದರೆ 150ರ ಹಾಯಿ 156 ಎಂದು ಬರುತ್ತದೆ.

ಈ ದೋಣಿಯ ಐ 7.60 ಮೀಟರ್, ಜೆ 2.20 ಮೀಟರ್. ಫೋರ್‌ಸ್ಟೇ ಉದ್ದ ಲೆಕ್ಕದ ಪ್ರಕಾರ 7.91. ಆದರೆ ಲಫ್‌ಗೆ ಅಷ್ಟೂ ಸಿಗುವುದಿಲ್ಲ. ಟೇಪಿನ ತುದಿಯನ್ನು ಹ್ಯಾಲ್ಯಾರ್ಡ್‌ನ (ಹಾಯಿ ಏರಿಸುವ ಹಗ್ಗದ) ಶ್ಯಾಕಲ್ ಕೊಂಡಿಗೆ ಕಟ್ಟಿ ಮೇಲಕ್ಕೆ ಏರಿಸಿ, ಹಗ್ಗದ ಗಂಟು ರಾಟೆಗೆ ತಾಗುವ ತನಕ ಎಳೆದು, ಟ್ಯಾಕ್ ಕಟ್ಟುವ ಕೊಂಡಿಯ ಹತ್ತಿರ ಓದಬೇಕು. ಇಲ್ಲಿ 7.65 ಬಂತು. ಅದರಿಂದ 20 ಸೆಂ.ಮೀ. ಬಿಡಬೇಕು, ಯಾಕೆಂದರೆ ಗಾಳಿ ಏರಿದಾಗ ಹ್ಯಾಲ್ಯಾರ್ಡ್ ಎಳೆದು ಲಫ್ ಬಿಗಿಮಾಡಲು ಜಾಗ ಬೇಕು, ಡ್ಯಾಕ್ರಾನ್ (ಹಾಯಿಯ ಪಾಲಿಯೆಸ್ಟರ್) ಬಟ್ಟೆ ಎರಡು ಸೀಸನ್‌ನಲ್ಲಿ ತಾನಾಗಿಯೂ ಹಿಗ್ಗುತ್ತದೆ. ಹಾಗಾಗಿ ಲಫ್ 7.45. ಈ 20 ಸೆಂ.ಮೀ. ಬಿಡದೆ ಹೊಲಿಸಿದ ಹಾಯಿ ಮೊದಲ ವರ್ಷ ಚೆನ್ನಾಗಿರುತ್ತದೆ. ಆಮೇಲೆ ಹೆಡ್ ರಾಟೆಗೆ ತಾಗಿಯೂ ಲಫ್‌ನಲ್ಲಿ ಸುಕ್ಕು ನಿಲ್ಲುತ್ತದೆ, ಬಿಗಿಮಾಡಲು ದಾರಿಯೇ ಇರುವುದಿಲ್ಲ.

ವಿಸ್ತೀರ್ಣ ಎಂದರೆ ಲಫ್ ಗುಣಿಸು ಎಲ್‌ಪಿ, ಭಾಗಿಸು ಎರಡು. 148ಕ್ಕೆ ಎಲ್‌ಪಿ 3.25 ಮೀಟರ್, 12.1 ಚದರ ಮೀಟರ್. 130ಕ್ಕೆ 2.86 ಮೀಟರ್, ಸುಮಾರು 10.7. 105ಕ್ಕೆ 2.31 ಮೀಟರ್, 8.6. ಮುಖ್ಯ ಹಾಯಿ ಬರೀ 7.4 ಚದರ ಮೀಟರ್. ದೊಡ್ಡ ಜೆನೊವಾ ಏರಿಸಿದಾಗ ಒಟ್ಟು ಹಾಯಿಯ ನೂರಕ್ಕೆ 62 ಪಾಲು ಮುಂದೆಯೇ ಇರುತ್ತದೆ. ಇದು ಆ ಕಾಲದ ಗುಣ. ಆಗ ಚಾಲ್ತಿಯಲ್ಲಿದ್ದ ಐಒಆರ್ ರೇಟಿಂಗ್ ನಿಯಮ (ಬೇರೆ ಬೇರೆ ದೋಣಿಗಳನ್ನು ಒಂದೇ ರೇಸಿನಲ್ಲಿ ಸರಿದೂಗಿಸುವ ಲೆಕ್ಕ) 150ರವರೆಗಿನ ಜೆನೊವಾಕ್ಕೆ ಹೆಚ್ಚಿನ ದಂಡ ಹಾಕುತ್ತಿರಲಿಲ್ಲ. ಹಾಗಾಗಿ ವಿನ್ಯಾಸಕಾರರು ಮುಖ್ಯ ಹಾಯಿಯನ್ನು ಸಣ್ಣ ಮಾಡಿ ಶಕ್ತಿಯನ್ನೆಲ್ಲ ಮುಂದಕ್ಕೆ ಹಾಕಿದರು. ಇಂಥ ದೋಣಿಗೆ ಇವತ್ತಿನ ಹೊಸ ದೋಣಿಗಳಂತೆ 105ರ ಜಿಬ್ ಒಂದನ್ನೇ ಕಟ್ಟಿದರೆ 8 ನಾಟ್ ಗಾಳಿಯಲ್ಲಿ ಅದು ಶಕ್ತಿಯಿಲ್ಲದೆ ನಿಧಾನವಾಗಿಬಿಡುತ್ತದೆ.

150 ಅಲ್ಲದೆ 148 ಯಾಕೆ? ರೇಟಿಂಗ್ ಪತ್ರದಲ್ಲಿ 150 ಎಂದು ಬರೆಸಿದರೆ, ಹಾಯಿ ಹಿಗ್ಗಿ 151 ಆದ ದಿನ ಅಳತೆಗಾರರ ಮುಂದೆ ಮಾತು ನಡೆಯುವುದಿಲ್ಲ. ಎಲ್‌ಪಿ ಅಳೆಯುವಾಗ ಲಫ್‌ನ ಹೊರ ಅಂಚಿನಿಂದ, ಟೇಪ್ ಮತ್ತು ಹಗ್ಗ ಸೇರಿಸಿ ಅಳೆಯುತ್ತಾರೆ ಎಂಬುದನ್ನೂ ಹೊಲಿಯುವವರಿಗೆ ಹೇಳಬೇಕು.

ಇಲ್ಲಿಯ ಗಾಳಿಗೆ ಎರಡು ಯಾಕೆ ಸಾಕು

ಕಾಸರಗೋಡಿನ ತೀರದಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಿಗ್ಗೆ ಮೂಡುಗಾಳಿ. ಹೊತ್ತೇರಿದಂತೆ ಅದು ಸಾಯುತ್ತದೆ. ನಡುಹಗಲಲ್ಲಿ ಗಾಳಿಯೇ ಇಲ್ಲದ ಒಂದು ತೆರಪು, ಆಮೇಲೆ ವಾಯವ್ಯದಿಂದ ಪಡುಗಾಳಿ. ಮಾರ್ಚ್‌ನಿಂದ ಮೇವರೆಗೆ ಪಡುಗಾಳಿಗೆ ಬಲ ಹೆಚ್ಚು. ಜೂನ್ 9ರ ನಡುರಾತ್ರಿ 52 ದಿನಗಳ ಟ್ರಾಲಿಂಗ್ ನಿಷೇಧ ಶುರುವಾಗುವ ಹೊತ್ತಿಗೆ ಇಂಥ ದೋಣಿ ದಡದಲ್ಲಿರಬೇಕು, ಹಾಯಿ ಮನೆಯಲ್ಲಿರಬೇಕು. ಮಳೆಗಾಲದ ಗಾಳಿಗೆ ಹಾಯಿ ಲೆಕ್ಕ ಹಾಕುವ ಅಗತ್ಯವೇ ಇಲ್ಲ.

ರೇಸ್ ನಡುಹಗಲಿಗೆ ಶುರುವಾದರೆ ಮೊದಲ ಸುತ್ತು 4–6 ನಾಟ್‌ನಲ್ಲಿ, ಕೊನೆಯ ಸುತ್ತು 13–14ರಲ್ಲಿ ಆಗುವುದು ಸಹಜ. ಗಾಳಿ 10ರಿಂದ 14ಕ್ಕೆ ಏರಿತೆಂದರೆ ಹಾಯಿಯ ಮೇಲಿನ ಒತ್ತಡ ಇಮ್ಮಡಿ. 130 ಎಂಬುದು ಈ ಏರಿಕೆಯ ನಡುವಿನ ಸಣ್ಣ ಹೊತ್ತಿಗೆ ಮಾತ್ರ ಸರಿಯಾದ ಹಾಯಿ. ಮೊದಲ ಸುತ್ತಿನಲ್ಲಿ ಅದು 148ಕ್ಕಿಂತ 1.4 ಚದರ ಮೀಟರ್ ಕಡಿಮೆ, ಕೊನೆಯ ಸುತ್ತಿನಲ್ಲಿ 105ಕ್ಕಿಂತ 2 ಚದರ ಮೀಟರ್ ಹೆಚ್ಚು. ಅದರ ಮೇಲೆ ಏಪ್ರಿಲ್–ಮೇಯಲ್ಲಿ ಇನ್ನೊಂದು ತೊಂದರೆ ಉಂಟು. ಕೆಲವು ದಿನ ಇಲ್ಲಿ ಗಾಳಿಯೇ ಇರುವುದಿಲ್ಲ, ದಕ್ಷಿಣದ ದೂರದ ಕಡಲಿನಿಂದ ಉದ್ದದ ಅಲೆ ಮಾತ್ರ ಬರುತ್ತದೆ. ತೀರದವರು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ, ಹೈದರಾಬಾದಿನ ಕಡಲ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಎಚ್ಚರಿಕೆ ಕೊಡುತ್ತದೆ. ಕೆಂಪು ಎಚ್ಚರಿಕೆ ಇರುವ ದಿನ ಹೊರಡುವ ಮಾತಿಲ್ಲ. ಆದರೆ ಅದರ ಬಾಲದ ಸಣ್ಣ ಅಲೆಯಲ್ಲೂ 6 ನಾಟ್ ಗಾಳಿಗೆ ಹಾಯಿ ಅಲ್ಲಾಡಿ ಗಾಳಿ ಚೆಲ್ಲುತ್ತದೆ. ಆಗ ಬೇಕಾಗುವುದು ಆಳವಿರುವ (ಚೆನ್ನಾಗಿ ಉಬ್ಬುವ) ದೊಡ್ಡ ಹಾಯಿ, ನಡುವಿನದಲ್ಲ.

ಒಂದೇ ಹಾಯಿ ಸುತ್ತುವ ಫರ್ಲರ್ ಇದ್ದು, ಜೀವಮಾನವಿಡೀ ಅದರಲ್ಲೇ ಓಡುವವರಿಗೆ 130–135 ಸರಿಯಾದ ರಾಜಿ. ಹ್ಯಾಂಕ್ (ಲಫ್ ಅನ್ನು ಫೋರ್‌ಸ್ಟೇಗೆ ಸಿಕ್ಕಿಸುವ ಕೊಕ್ಕೆ) ಹಾಕುವ ದೋಣಿಗೆ ಅದು ದುಡ್ಡು ನುಂಗುವ ಹಾಯಿ.

ರೇಟಿಂಗ್ ವಿಷಯ: ಪಿಎಚ್‌ಆರ್‌ಎಫ್ ಎಂಬ ರೇಟಿಂಗ್ ಪದ್ಧತಿಯಲ್ಲಿ 155ರವರೆಗಿನ ಜೆನೊವಾ ಮಾಮೂಲು ಎಂದು ಹಿಡಿಯುತ್ತಾರೆ, ಚಿಕ್ಕದಿದ್ದರೆ ಮೈಲಿಗೆ ಕೆಲವು ಸೆಕೆಂಡ್ ಕೊಡುತ್ತಾರೆ. ಅಂಥದೇ ಇನ್ನೊಂದು ಪದ್ಧತಿಯಾದ ಐಆರ್‌ಸಿಯಲ್ಲಿ ಇರುವುದರಲ್ಲಿ ದೊಡ್ಡ ಹಾಯಿಯನ್ನೇ ಎಣಿಸುತ್ತಾರೆ. ಎರಡರಲ್ಲೂ ತಾತ್ಪರ್ಯ ಒಂದೇ. ಪತ್ರದಲ್ಲಿ 148 ಸೇರಿದ ಮೇಲೆ ಆ ದಿನ 105 ಕಟ್ಟಿ ಓಡಿದರೂ ಲೆಕ್ಕ 148ರದ್ದೇ. ಹಾಗಾಗಿ ದೊಡ್ಡ ಹಾಯಿಯನ್ನು ಆದಷ್ಟು ಹೆಚ್ಚು ಹೊತ್ತು ಮೇಲಿಟ್ಟುಕೊಳ್ಳುವುದರಲ್ಲೇ ಲಾಭ.

ಗಾಳಿಯ ಅಂಕಿಗಳನ್ನು ಹಾಯಿಯ ಚೀಲದ ಮೇಲೆ ಬರೆಯುವಾಗ ದೋಣಿಯ ಮೇಲೆ ನಿಂತು ಅಳೆದ ತೋರಗಾಳಿಯನ್ನೇ ಬರೆಯಿರಿ. ಗಾಳಿಗೆದುರು 42 ಡಿಗ್ರಿಯಲ್ಲಿ ಹೋಗುವಾಗ ನಿಜಗಾಳಿ 8 ನಾಟ್ ಇದ್ದರೆ ಡೆಕ್ ಮೇಲೆ 11, 12 ಇದ್ದರೆ ಸುಮಾರು 15.5, 16 ಇದ್ದರೆ 20. ಬಟ್ಟೆ ಹಿಗ್ಗಿಸುವುದು ಈ ಎರಡನೆಯ ಅಂಕಿ.

ಹೊಸ 148ಕ್ಕೆ ಕೊಟ್ಟ ವಿವರ

ಬಟ್ಟೆ ಗಟ್ಟಿ ರಾಳದ ಡ್ಯಾಕ್ರಾನ್, ಹಾಯಿ ಹೊಲಿಯುವವರ ಲೆಕ್ಕದಲ್ಲಿ 4 ಔನ್ಸ್, ಅಂದರೆ ಚದರ ಮೀಟರಿಗೆ ಸುಮಾರು 170 ಗ್ರಾಂ. ಇದಕ್ಕಿಂತ ಹಗುರ ತೆಗೆದುಕೊಂಡರೆ ತೋರಗಾಳಿ 15 ದಾಟಿದಾಗ ಆಳ ಹಿಂದಕ್ಕೆ ಸರಿಯುತ್ತದೆ. 5 ಔನ್ಸ್ ತೆಗೆದುಕೊಂಡರೆ ನಡುಹಗಲ ತೆರಪಿನಲ್ಲಿ ಹಾಯಿ ತನ್ನ ಭಾರಕ್ಕೇ ಜೋಲುತ್ತದೆ. ನಡು ಎತ್ತರದಲ್ಲಿ ಆಳ (ಉಬ್ಬು) ಅಲ್ಲಿಯ ಅಗಲದ ಶೇ. 16, ಆಳದ ಜಾಗ ಲಫ್‌ನಿಂದ ಶೇ. 40ರಲ್ಲಿ. ಫೋರ್‌ಸ್ಟೇ ಗಾಳಿಯಲ್ಲಿ ಎಷ್ಟು ಬಾಗುತ್ತದೆ ಎಂದು ಹೊಲಿಯುವವರು ಕೇಳದಿದ್ದರೆ ನಾವೇ ಹೇಳಬೇಕು. 12 ನಾಟ್‌ನಲ್ಲಿ ಸಹಾಯಕರೊಬ್ಬರು ಟ್ಯಾಕ್ ಹತ್ತಿರ ಮಲಗಿ ಫೋರ್‌ಸ್ಟೇ ಉದ್ದಕ್ಕೂ ಮೇಲೆ ನೋಡಿದರೆ ನಡುವಿನ ಬಾಗು ಕಾಣುತ್ತದೆ, ಇಲ್ಲಿ 7 ಸೆಂ.ಮೀ. ಹತ್ತಿರ. ಇದನ್ನು ಲೆಕ್ಕಕ್ಕೆ ಹಿಡಿಯದೆ ಲಫ್ ನೇರವಾಗಿ ಕತ್ತರಿಸಿದರೆ ಬಾಗಿನಷ್ಟು ಬಟ್ಟೆಯೂ ಆಳಕ್ಕೆ ಸೇರಿ, ಗಾಳಿ ಏರಿದಂತೆ ಹಾಯಿ ತೆಳ್ಳಗಾಗುವ ಬದಲು ಉಬ್ಬುತ್ತದೆ.

ಇನ್ನೆರಡು ಸಣ್ಣ ವಿಷಯ. ಸ್ಪ್ರೆಡರ್ (ಮಾಸ್ಟಿನಿಂದ ಬದಿಗೆ ಚಾಚಿದ ಅಡ್ಡಕೋಲು) ತುದಿ ತಾಗುವಲ್ಲಿ ತೇಪೆಯನ್ನು ಮೊದಲೇ ಹಾಕಿಸಬೇಡಿ. ಹಾಯಿ ಬಂದ ಮೇಲೆ ತುದಿಗೆ ಸ್ವಲ್ಪ ಲಿಪ್‌ಸ್ಟಿಕ್ ಹಚ್ಚಿ ದೋಣಿಯ ಮೂತಿಯನ್ನು ಒಮ್ಮೆ ಗಾಳಿ ದಾಟಿಸಿ ತಿರುಗಿಸಿ, ಗುರುತು ಬಿದ್ದಲ್ಲಿ ಅಂಟಿಸಿ. ಎರಡನೆಯದು ಕಿಟಕಿ. ಡೆಕ್‌ವರೆಗೆ ಇಳಿಯುವ ಜೆನೊವಾ ಗಾಳಿಮರೆಯ ಕಡೆಯ ನೋಟವನ್ನೆಲ್ಲ ಮುಚ್ಚುತ್ತದೆ, ಈ ತೀರದಲ್ಲಿ ಬಲೆಯ ತೇಲುಬುರುಡೆಗಳು ಆ ಕಡೆಯೇ ಇರುತ್ತವೆ. 60 ಗುಣಿಸು 20 ಸೆಂ.ಮೀ. ಪಾರದರ್ಶಕ ಪಿವಿಸಿ ತುಂಡು ಒಂದನ್ನು ಫುಟ್‌ನ ಮೇಲೆ ಹೊಲಿಸಿ. ಹಾಯಿ ಮಡಚುವಾಗ ಮಡಿಕೆ ಕಿಟಕಿಯ ಮೇಲೆ ಬೀಳಬಾರದು, ಬಿದ್ದಲ್ಲಿ ಸೀಳುತ್ತದೆ.

ಹಳೆಯ ಜೆನೊವಾವನ್ನು 105 ಮಾಡುವುದು

ಹಳೆಯ ಹಾಯಿ 5 ಔನ್ಸ್, ಚದರ ಮೀಟರಿಗೆ ಸುಮಾರು 214 ಗ್ರಾಂ. ಜಿಬ್‌ಗೆ ತಕ್ಕ ತೂಕ. ಕತ್ತರಿ ಹಿಡಿಯುವ ಮೊದಲು ಎರಡು ಪರೀಕ್ಷೆ. ಲೀಚ್‌ನಿಂದ ಒಂದು ಮೀಟರ್ ಒಳಗೆ ಹೊಲಿಗೆಯ ಒಂದು ಚುಚ್ಚಿನಡಿ ಮೊಂಡು ಮೊಳೆ ತೂರಿಸಿ ಎತ್ತಿ. ದಾರ ತುಂಡಾದರೆ ಬಿಸಿಲಿಗೆ ಸತ್ತಿದೆ, ಎಲ್ಲ ಹೊಲಿಗೆಯನ್ನೂ ಹೊಸದಾಗಿ ಹಾಕಬೇಕು. ಅದು ಒಪ್ಪಬಹುದಾದ ಕೆಲಸ. ಅದೇ ಜಾಗದಲ್ಲಿ ಬಟ್ಟೆಯನ್ನೇ ಮೊಳೆಯಿಂದ ಚುಚ್ಚಿ ಎಳೆದಾಗ ಕಾಗದದಂತೆ ಹರಿದರೆ ಹಾಯಿಯನ್ನು ಟಾರ್ಪಾಲು ಮಾಡಿಕೊಳ್ಳಿ, ಮುಂದಕ್ಕೆ ಓದಬೇಡಿ. ತೀರಾ ಹೊರಗಿನ ಲೀಚ್ ಹೇಗೂ ಹಾಳಾಗಿರುತ್ತದೆ, ಅದರ ಚಿಂತೆ ಬೇಡ. ಅದೇ ಕತ್ತರಿಸಿ ಹೋಗುವ ಭಾಗ.

ಹಳೆಯ ಹಾಯಿ ಜೋತುಬಿದ್ದಿದೆ ಎಂದರೆ ಏನು? ಫುಟ್‌ನ ನಡುವಿನಿಂದ ಮೇಲಕ್ಕೆ ಫೋಟೊ ತೆಗೆದು, ನಡು ಎತ್ತರದ ಪಟ್ಟೆಗೆ ಲಫ್‌ನಿಂದ ಲೀಚ್‌ಗೆ ಗೆರೆ ಎಳೆದು ಅಳೆದರೆ, 172 ಸೆಂ.ಮೀ. ಅಗಲಕ್ಕೆ 31 ಸೆಂ.ಮೀ. ಆಳ. ಶೇ. 18. ಜೆನೊವಾಕ್ಕೆ ಇದು ಕೆಟ್ಟ ಆಕಾರ, 10 ನಾಟ್‌ನಲ್ಲಿಯೇ ದೋಣಿ ಅಡ್ಡಕ್ಕೆ ವಾಲುತ್ತದೆ. ಆದರೆ ಬಿಲ್ಲಿನಂತೆ ಬಾಗಿದ ಬಟ್ಟೆಯ ಹಿಂಭಾಗ ಕತ್ತರಿಸಿದಾಗ ಅಗಲದ ಜೊತೆಗೆ ಆಳದ ಶೇಕಡಾವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಹೊಸ ಲೀಚ್ ಒಳಕ್ಕೆ ಬಾಗಿಸಿದ್ದೂ ಸೇರಿ ಅದೇ ಎತ್ತರದಲ್ಲಿ ಅಗಲ 108 ಸೆಂ.ಮೀ. ಉಳಿಯುತ್ತದೆ, ಆಳ ಸುಮಾರು 12 ಸೆಂ.ಮೀ., ಶೇ. 11. ಬಲದ ಗಾಳಿಯ ಜಿಬ್‌ಗೆ ಬೇಕಾದದ್ದು ಇದೇ. ಹದಗೆಟ್ಟ ಜೆನೊವಾದಲ್ಲಿ ಒಳ್ಳೆಯ ಜಿಬ್ ಅಡಗಿರುವುದು ಈ ಲೆಕ್ಕದಿಂದ. ಹೊಸ ಜೆನೊವಾ ಕತ್ತರಿಸಿದರೆ ಜಿಬ್ ಇದಕ್ಕಿಂತ ಚಪ್ಪಟೆಯಾಗುತ್ತಿತ್ತು.

ತೊಂದರೆ ಬೇರೆ ಕಡೆ ಇದೆ. ಅಡ್ಡ ಪಟ್ಟಿಗಳ ಹಾಯಿಯಲ್ಲಿ ಬಟ್ಟೆಯ ಗಟ್ಟಿ ನೂಲು ಹಳೆಯ ಲೀಚ್‌ಗೆ ಸಮಾನಾಂತರ ಓಡುತ್ತದೆ. ಹೊಸ ಲೀಚ್ ಹೆಡ್‌ನಲ್ಲಿ ಸುಮಾರು 8 ಡಿಗ್ರಿ ತಿರುಗುತ್ತದೆ (ಹಳೆಯದು ಲಫ್‌ಗೆ 27, ಹೊಸತು 19). ಎಳೆತ ನೂಲಿನ ನೇರಕ್ಕೆ ಬರದೆ ಓರೆಯಾದಾಗ ಬಟ್ಟೆ ಹಿಗ್ಗಿ ಲೀಚ್ ಪಟಪಟ ಬಡಿಯತೊಡಗುತ್ತದೆ. ನೂಲಿಗೆ ಸರಿಯಾಗಿ ಕತ್ತರಿಸಲೇಬೇಕೆಂದರೆ ಲಫ್ 5.2 ಮೀಟರಿಗೆ ಇಳಿಯುತ್ತದೆ, ಅದು ಬಿರುಗಾಳಿ ಜಿಬ್, ರೇಸಿನದಲ್ಲ. ಲಫ್ ಅರ್ಧ ಮೀಟರ್ ಕಡಿಮೆ ಮಾಡಿದರೆ ಒಂದೂವರೆ ಡಿಗ್ರಿ ಮಾತ್ರ ಉಳಿತಾಯ, ಆದಕಾರಣ ಪೂರ್ತಿ ಎತ್ತರ ಇಟ್ಟುಕೊಂಡು 8 ಡಿಗ್ರಿಯನ್ನು ಟೇಪ್ ಮತ್ತು ತೇಪೆಯಿಂದ ಸರಿದೂಗಿಸುವುದೇ ಮೇಲು.

ಹಾಸಲು 8 ಗುಣಿಸು 4 ಮೀಟರ್ ಸಮತಟ್ಟು ಜಾಗ ಬೇಕು. ಅಡಿಕೆ ಹರವುವ ಸಿಮೆಂಟ್ ಅಂಗಳ ಸರಿಯಾಗುತ್ತದೆ, ಗುಡಿಸಿ ಒರೆಸಿದ ಮೇಲೆ. ಹಾಯಿಯನ್ನು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿರಬೇಕು. ಉಪ್ಪು ಉಳಿದ ಬಟ್ಟೆಗೆ ಅಂಟುಟೇಪ್ ಹಿಡಿಯುವುದಿಲ್ಲ. ಹೆಡ್ ಒಂದು ಗೂಟಕ್ಕೆ ಕಟ್ಟಿ, ಟ್ಯಾಕನ್ನು ಮೀನಿನ ತಕ್ಕಡಿಯ ಕೊಕ್ಕೆಯಿಂದ 12–15 ಕಿಲೊ ಎಳೆತ ತೋರಿಸುವಷ್ಟು ಎಳೆದು ಕಟ್ಟಿ. ಎಳೆತವಿಲ್ಲದೆ ಗುರುತು ಹಾಕಿದರೆ ನೀರಿನ ಮೇಲೆ ಎಲ್ಲ ಅಳತೆಯೂ ತಪ್ಪುತ್ತದೆ.

ಟ್ಯಾಕ್‌ನಿಂದ ಫುಟ್ ಉದ್ದಕ್ಕೆ 2.40 ಮೀಟರ್ ಅಳೆದು ಹೊಸ ಕ್ಲ್ಯೂವಿನ ಗುರುತು. ಅಲ್ಲಿಂದ ಲಫ್‌ಗೆ ಲಂಬ ಎಳೆದು 2.31 ಬರುತ್ತದೆಯೇ ನೋಡಿ, ಎರಡೂ ಹೊಂದದಿದ್ದರೆ ಲಂಬದ ಅಳತೆಯೇ ಪ್ರಮಾಣ. ಹೆಡ್‌ನಿಂದ ಕ್ಲ್ಯೂವಿಗೆ ದಾರ ಬಿಗಿಯಿರಿ, 7.16 ಮೀಟರ್. ಲೀಚ್ ಈ ದಾರದ ಮೇಲೆ ಬೀಳಬಾರದು, ಒಳಕ್ಕೆ ಬಾಗಬೇಕು. ಬ್ಯಾಟನ್ (ಗಟ್ಟಿತನಕ್ಕೆ ಹಾಯಿಯಲ್ಲಿ ತೂರಿಸುವ ಪಟ್ಟಿ) ಇಲ್ಲದ ಲೀಚ್ ನೇರವಿದ್ದರೂ ಬಡಿಯುತ್ತದೆ, ಅದಲ್ಲದೆ ಈ ಜಿಬ್ ಶ್ರೌಡ್‌ಗಳ (ಮಾಸ್ಟನ್ನು ಬದಿಯಿಂದ ಹಿಡಿಯುವ ತಂತಿಗಳ) ಒಳಗೆ ಕೂರಬೇಕಾದರೆ ಲೀಚ್ ಸ್ಪ್ರೆಡರಿನ ಮುಂದೆಯೇ ಉಳಿಯಬೇಕು. ಹೆಡ್‌ನಿಂದ ಒಂದೊಂದು ಮೀಟರಿಗೆ ದಾರದಿಂದ ಒಳಕ್ಕೆ 6, 10, 12, 12, 10, 6.5 ಸೆಂ.ಮೀ. ಗುರುತು ಹಾಕಿ.

ಈ ಚುಕ್ಕೆಗಳನ್ನು ಸೇರಿಸಲು ಅಡಿಕೆ ಮರದ ಸಲಾಕೆಗಿಂತ ಒಳ್ಳೆಯ ಸಾಧನ ಇಲ್ಲ. ಬೆರಳಗಲಕ್ಕೆ ಸೀಳಿ, ಒಳಗಿನ ಮೆದು ತಿರುಳನ್ನು ಕೆರೆದು, ಹೊರಗಿನ ಗಟ್ಟಿ ಭಾಗ 6 ಮಿ.ಮೀ. ದಪ್ಪಕ್ಕೆ ತಂದರೆ ಎಲ್ಲಿಯೂ ಮುರುಕು ಕಾಣದ ಬಾಗು ಬರುತ್ತದೆ. ಅಂಗಳದಲ್ಲಿ ಮೊಳೆ ಹೊಡೆಯಲಾಗದು, ಸಲಾಕೆಯ ಎರಡೂ ಬದಿಗೆ ಕೆಂಪುಕಲ್ಲಿನ ತುಂಡು ಇಟ್ಟು ಹಿಡಿಸಿ. ಸಲಾಕೆ ಒಂದು ಚುಕ್ಕೆಯಿಂದ ಅರ್ಧ ಸೆಂ.ಮೀ. ತಪ್ಪಿದರೆ ಚುಕ್ಕೆಯನ್ನು ಬಿಡಿ, ಸಲಾಕೆಯನ್ನು ನಂಬಿ. ಗೆರೆಯ ಹೊರಗೆ 25 ಮಿ.ಮೀ. ಬಿಟ್ಟು ಬಿಸಿ ಅಲಗಿನಿಂದ ಕತ್ತರಿಸಬೇಕು. ಕತ್ತರಿಯಲ್ಲಿ ಕತ್ತರಿಸಿದರೆ ಅಂಚಿನ ನೂಲು ಬಿಡುತ್ತದೆ.

ಲೀಚ್ ಟೇಪ್: 50 ಮಿ.ಮೀ. ಅಗಲದ ಡ್ಯಾಕ್ರಾನ್ ಟೇಪ್ 8 ಮೀಟರ್, ನಡುವೆ ಮಡಚಿ, ಒಳಗೆ 2.5 ಮಿ.ಮೀ. ಲೀಚ್ ಹಗ್ಗ. ನೂಲಿನ ಓರೆ ಎಳೆತವನ್ನು ಹೊರುವುದು ಈ ಟೇಪ್. ಇಲ್ಲಿಯೇ ಹೆಚ್ಚಿನವರ ಕೆಲಸ ಕೆಡುವುದು. ಮಿಷಿನಿನಲ್ಲಿ ಹೊಲಿಯುವಾಗ ಕೈ ತನ್ನಷ್ಟಕ್ಕೇ ಟೇಪನ್ನು ಎಳೆಯುತ್ತದೆ, ಎಳೆದ ಟೇಪ್ ಮತ್ತೆ ಕುಗ್ಗಿ ಲೀಚ್ ಕೊಕ್ಕೆಯಂತೆ ಗಾಳಿಯ ಕಡೆಗೆ ತಿರುಗುತ್ತದೆ. ಮೊದಲು 12 ಮಿ.ಮೀ. ಎರಡು ಬದಿಯ ಅಂಟುಟೇಪಿನಿಂದ ಉದ್ದಕ್ಕೂ ಸಡಿಲವಾಗಿ ಅಂಟಿಸಿ, ಹಾಯಿ ನೆಲದ ಮೇಲೆ ಸಪಾಟಾಗಿದೆ ಎಂದು ನೋಡಿ, ಆಮೇಲೆ ಹೊಲಿಯಿರಿ. ಜಿಗ್‌ಜಾಗ್ ಹೊಲಿಗೆಯೇ ಬೇಕು, ಅಗಲ 5 ಮಿ.ಮೀ. ನೇರ ಹೊಲಿಗೆ ಬಟ್ಟೆ ಹಿಗ್ಗಿದಾಗ ತುಂಡಾಗುತ್ತದೆ. ಟಾರ್ಪಾಲು ಹೊಲಿಯುವ ಅಂಗಡಿಯ ಮಿಷಿನಿಗೆ ದಪ್ಪ ಬಟ್ಟೆ ಸಾಗಿಸುವ ಬಲ ಉಂಟು, ಆದರೆ ಹೆಚ್ಚಿನವು ನೇರ ಹೊಲಿಗೆಯವು. ವಿಚಾರಿಸಿಯೇ ಒಯ್ಯಿರಿ. ದಾರ ಬಿಸಿಲು ತಡೆಯುವ ಪಾಲಿಯೆಸ್ಟರ್ ಆಗಿರಬೇಕು. ನೈಲಾನ್ ದಾರ ಹಿಗ್ಗುತ್ತದೆ, ಬಿಸಿಲಿಗೆ ಬೇಗ ಸಾಯುತ್ತದೆ.

ಕ್ಲ್ಯೂ ತೇಪೆಗೆ ಕತ್ತರಿಸಿ ಬಿದ್ದ ಬಟ್ಟೆಯಲ್ಲಿ ಲಫ್ ಕಡೆಯ ಗಟ್ಟಿ ಭಾಗ ಆರಿಸಿ, ಹೊರ ಅಂಚಿನದನ್ನು ಬಿಡಿ. ನಾಲ್ಕು ಪದರ, 20, 30, 40, 50 ಸೆಂ.ಮೀ. ಪ್ರತಿ ಪದರದ ಗಟ್ಟಿ ನೂಲು ಹೊಸ ಲೀಚ್‌ನ ದಿಕ್ಕಿಗೆ ಇರಲಿ. ಎಲ್ಲ ಅಂಚೂ ಒಂದೇ ಕಡೆ ಮುಗಿಯಬಾರದು, ಮುಗಿದರೆ ಅಲ್ಲಿಯೇ ಮಡಿಕೆ ಬಿದ್ದು ಸೀಳುತ್ತದೆ. ಮೂಲೆಗೆ 8 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಬಳೆ, ಅದನ್ನು ಹಿಡಿಯಲು 25 ಮಿ.ಮೀ. ಪಾಲಿಯೆಸ್ಟರ್ ಪಟ್ಟಿಯ ಮೂರು ತುಂಡು: ಒಂದು ಲೀಚ್ ಕಡೆಗೆ, ಒಂದು ಫುಟ್ ಕಡೆಗೆ, ಒಂದು ನಡುವೆ. ಇಷ್ಟು ಪದರಕ್ಕೆ ಮಿಷಿನ್ ಸೂಜಿ ಮುರಿಯುತ್ತದೆ, ಕೈಹೊಲಿಗೆಯೇ ಗತಿ. ಗೋಣಿ ಹೊಲಿಯುವ ದಬ್ಬಳ ಬೇಡ, ತೂತು ದೊಡ್ಡದಾಗಿ ಬಟ್ಟೆ ಅಲ್ಲಿಂದಲೇ ಹರಿಯುತ್ತದೆ. ಮೂರು ಮೂಲೆಯ ಹಾಯಿಸೂಜಿ ತರಿಸಿ. ಲಫ್‌ಗೆ ಹಿತ್ತಾಳೆಯ ಹ್ಯಾಂಕ್ 12, ಸುಮಾರು 65 ಸೆಂ.ಮೀ.ಗೊಂದು. ಹಳೆಯ ಹ್ಯಾಂಕ್‌ಗಳ ಬಾಯಿ ಫೋರ್‌ಸ್ಟೇ ಉಜ್ಜಿ ಸವೆದಿದ್ದರೆ ಬದಲಿಸಿ.

ಒಳಗಿನ ಟ್ರ್ಯಾಕ್

ಜೆನೊವಾ ಶ್ರೌಡ್‌ಗಳ ಹೊರಗೆ ಹೋಗಲೇಬೇಕು. ಅದರ ಟ್ರ್ಯಾಕ್ ಡೆಕ್‌ನ ಅಂಚಿನಲ್ಲಿ, ಟ್ಯಾಕ್‌ನಿಂದ 3.6 ಮೀಟರ್ ಹಿಂದೆ, ನಡುಗೆರೆಯಿಂದ 85 ಸೆಂ.ಮೀ. ಹೊರಗೆ, ಕೋನ ಸುಮಾರು 13 ಡಿಗ್ರಿ. ಜಿಬ್ ಕೂಡ ಅದೇ ಟ್ರ್ಯಾಕಿಗೆ ಕಟ್ಟಿದರೆ 105 ಮಾಡಿದ ಪ್ರಯೋಜನವೇ ಇಲ್ಲ. ಕ್ಯಾಬಿನ್ ಮೇಲೆ, ಟ್ಯಾಕ್‌ನಿಂದ 2.7 ಮೀಟರ್, ನಡುಗೆರೆಯಿಂದ 48 ಸೆಂ.ಮೀ.ನಲ್ಲಿ 60 ಸೆಂ.ಮೀ. ಉದ್ದದ ಟಿ ಟ್ರ್ಯಾಕ್ ಕೂರಿಸಿದರೆ ಕೋನ 10 ಡಿಗ್ರಿ. ದೋಣಿ ಗಾಳಿಗೆ ಇನ್ನಷ್ಟು ಹತ್ತಿರ ಮುಖ ಮಾಡುತ್ತದೆ. ಈ ದೋಣಿಯಲ್ಲಿ ಕೆಳ ಶ್ರೌಡ್‌ಗಳು ಮಾಸ್ಟಿನ ಹಿಂದೆ ಮಾತ್ರ ಇರುವುದರಿಂದ ಇದು ಸಾಧ್ಯ. ಮುಂದೆಯೂ ಕೆಳ ಶ್ರೌಡ್ ಇರುವ ದೋಣಿಯಲ್ಲಿ ಒಳಗಿನ ಟ್ರ್ಯಾಕ್ ಹಾಕುವ ಮೊದಲು ಹಾಯಿ ಏರಿಸಿ, ಕೈಯಲ್ಲಿ ಕ್ಲ್ಯೂ ಹಿಡಿದು ಎಲ್ಲಿ ಉಜ್ಜುತ್ತದೆ ನೋಡಿ.

ಸಣ್ಣ ಹಾಯಿ, ಸಣ್ಣ ಬೋಲ್ಟ್ ಎಂದು ಲೆಕ್ಕ ಹಾಕಬೇಡಿ. ಶೀಟ್‌ನ ಎಳೆತ ಕಿಲೊದಲ್ಲಿ ಸುಮಾರಾಗಿ ವಿಸ್ತೀರ್ಣ ಗುಣಿಸು ತೋರಗಾಳಿಯ ವರ್ಗ ಗುಣಿಸು 0.021. 148ಕ್ಕೆ 15 ನಾಟ್‌ನಲ್ಲಿ 57 ಕಿಲೊ. 105ಕ್ಕೆ 22 ನಾಟ್‌ನಲ್ಲಿ 87. ಆದ್ದರಿಂದ 6 ಮಿ.ಮೀ.ನ 316 ಸ್ಟೇನ್‌ಲೆಸ್ ಬೋಲ್ಟ್ ಆರು, ಅಡಿಯಲ್ಲಿ 6 ಮಿ.ಮೀ. ಫೈಬರ್ ಹಲಗೆ. ಹಳೆಯ ಡೆಕ್‌ನ ಎರಡು ಫೈಬರ್ ಪದರದ ನಡುವೆ ಬಾಲ್ಸಾ ಅಥವಾ ಪ್ಲೈವುಡ್ ಇರುತ್ತದೆ. ಅದರಲ್ಲಿ ಬರಿ ತೂತು ಕೊರೆದು ಬೋಲ್ಟ್ ಹಾಕಿದರೆ ನಾಲ್ಕು ತಿಂಗಳ ಮಳೆಯ ನೀರು ಒಳಗಿಳಿದು ಡೆಕ್ ಕೊಳೆಯುತ್ತದೆ. ಮೇಲಿನಿಂದ 10 ಮಿ.ಮೀ. ಅಗಲದ ತೂತು ಕೊರೆದು, ಬಗ್ಗಿಸಿದ ಮೊಳೆಯನ್ನು ಡ್ರಿಲ್‌ಗೆ ಸಿಕ್ಕಿಸಿ ಸುತ್ತಲಿನ ಮರ ಕೆರೆದು, ಮಂದ ಮಾಡಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ 6 ಮಿ.ಮೀ. ಅಗಲಕ್ಕೆ ಕೊರೆಯಿರಿ. ಇದನ್ನು ಜನವರಿ–ಫೆಬ್ರವರಿಯಲ್ಲಿ ಮಾಡಿ. ಮೇ ತಿಂಗಳ ಸೆಕೆಯಲ್ಲಿ ಎಪಾಕ್ಸಿಯ ಮೇಲೆ ಜಿಡ್ಡಿನ ಪೊರೆ ಬರುತ್ತದೆ, ಅದನ್ನು ನೀರಿನಲ್ಲಿ ಉಜ್ಜಿ ತೊಳೆಯದೆ ಮೇಲೆ ಏನು ಹಚ್ಚಿದರೂ ಹಿಡಿಯುವುದಿಲ್ಲ.

ಬ್ಯಾಕ್‌ಸ್ಟೇ

ಬ್ಯಾಕ್‌ಸ್ಟೇ ಕೆಳಗೆ ಎರಡಾಗಿ ಕವಲೊಡೆದಿದ್ದರೆ ಕೆಲಸ ಸುಲಭ. ಎರಡೂ ತಂತಿಯನ್ನು ತಬ್ಬುವ ಒಂದು ಜೋಡಿ ರಾಟೆ, ಅದನ್ನು ಕೆಳಕ್ಕೆ ಎಳೆಯುವ 4:1 ಟ್ಯಾಕಲ್, 6 ಮಿ.ಮೀ. ಹಿಗ್ಗದ ಹಗ್ಗ, ಚುಕ್ಕಾಣಿ ಹಿಡಿದವರ ಕೈಗೆಟಕುವ ಕ್ಲೀಟ್ (ಹಗ್ಗ ಕಚ್ಚಿಸುವ ಹಿಡಿ). ಎಳೆದಾಗ ಫೋರ್‌ಸ್ಟೇ ಬಾಗು 7 ಸೆಂ.ಮೀ.ನಿಂದ 3–4ಕ್ಕೆ ಇಳಿದರೆ 148ರ ಮುಂಭಾಗ ಚಪ್ಪಟೆಯಾಗಿ ಇನ್ನೂ ಎರಡು ಮೂರು ನಾಟ್ ತಡೆಯುತ್ತದೆ. 130ರ ಕೆಲಸವನ್ನು ಮಾಡುವುದು ಇದು. ಹಳೆಯ ಒಡಲಿಗೆ ಮಿತಿ ಉಂಟು. ಎಳೆದಾಗ ಕ್ಯಾಬಿನ್ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳತೊಡಗಿತೆಂದರೆ ದೋಣಿಯೇ ಬಾಗುತ್ತಿದೆ. ಅಲ್ಲಿಗೆ ಹಗ್ಗಕ್ಕೆ ಗುರುತು ಕಟ್ಟಿ, ಮುಂದೆ ಎಳೆಯಬೇಡಿ. ಶುರು ಮಾಡುವ ಮೊದಲು ಚೈನ್‌ಪ್ಲೇಟ್‌ಗಳು (ತಂತಿಗಳನ್ನು ಒಡಲಿಗೆ ಹಿಡಿಸುವ ಲೋಹದ ಪಟ್ಟಿಗಳು) ಡೆಕ್ ಹಾದುಹೋಗುವಲ್ಲಿ ಸೀಲಂಟ್ ಕಿತ್ತು ತುಕ್ಕಿನ ಕಂದು ಬಿರುಕು ಇದೆಯೇ ನೋಡಲೇಬೇಕು.

ನೀರಿನಲ್ಲಿ ಹೊಂದಿಸುವುದು

ಲಫ್‌ನಿಂದ 20 ಸೆಂ.ಮೀ. ಹಿಂದೆ, ಕಾಲು, ಅರ್ಧ, ಮುಕ್ಕಾಲು ಎತ್ತರದಲ್ಲಿ ಎರಡೂ ಬದಿಗೆ ಉಣ್ಣೆಯ ನೂಲು ಅಂಟಿಸಿ. ದೋಣಿಯನ್ನು ಮೆಲ್ಲ ಗಾಳಿಗೆ ತಿರುಗಿಸಿದಾಗ ಮೇಲಿನದು ಮೊದಲು ಎಗರಿದರೆ ಕಾರನ್ನು (ಟ್ರ್ಯಾಕ್ ಮೇಲೆ ಸರಿಯುವ ಶೀಟ್ ರಾಟೆಯನ್ನು) ಒಂದು ತೂತು ಮುಂದಕ್ಕೆ, ಕೆಳಗಿನದು ಮೊದಲಾದರೆ ಹಿಂದಕ್ಕೆ. ಕತ್ತರಿಸಿದ ಜಿಬ್‌ನಲ್ಲಿ ಆಳ ನಡುವಿನಲ್ಲೇ ಉಳಿದಿರುತ್ತದೆ, ಹ್ಯಾಲ್ಯಾರ್ಡ್ ಬಿಗಿ ಎಳೆದು ಅದನ್ನು ಶೇ. 40ರ ಹತ್ತಿರ ತರಬೇಕು. ಲಫ್ ಉದ್ದಕ್ಕೆ ಒಂದು ಮಡಿಕೆ ಮೂಡುವ ತನಕ ಎಳೆದು, ಅದು ಮಾಯವಾಗುವಷ್ಟು ಬಿಡಿ.

ತೋರಗಾಳಿ 16ರ ಹತ್ತಿರ ಬಂದಾಗ 148 ಇಳಿಸುವ ಮೊದಲು ಮಾಡುವುದು ಇದು: ಬ್ಯಾಕ್‌ಸ್ಟೇ ಪೂರ್ತಿ, ಕಾರು ಎರಡು ತೂತು ಹಿಂದಕ್ಕೆ, ಮುಖ್ಯ ಹಾಯಿಯ ಔಟ್‌ಹಾಲ್ (ಫುಟ್ ಬಿಗಿಮಾಡುವ ಹಗ್ಗ) ಬಿಗಿ, ಟ್ರಾವಲರ್ (ಮುಖ್ಯ ಹಾಯಿಯ ಶೀಟ್ ಸರಿಯುವ ಅಡ್ಡಹಳಿ) ಗಾಳಿಮರೆಯ ಕಡೆಗೆ. ಇಷ್ಟಾದ ಮೇಲೂ ದೋಣಿ 22 ಡಿಗ್ರಿಗಿಂತ ಹೆಚ್ಚು ವಾಲಿ, ಮುಖ್ಯ ಹಾಯಿಯ ಮುಂದಿನ ಮೂರನೇ ಒಂದು ಭಾಗ ಸದಾ ನಡುಗುತ್ತಿದ್ದರೆ 105ರ ಹೊತ್ತು ಬಂತು. ಗಾಳಿಗೆದುರಿನ ಹಾದಿ ಮುಗಿಯುತ್ತ ಬಂದಿದ್ದರೆ ತಡೆದುಕೊಳ್ಳಿ. ಸ್ಪಿನ್ನೇಕರ್ ಇಲ್ಲದ ರೇಸಿನಲ್ಲಿ ಗಾಳಿಯ ಜೊತೆ ಹೋಗುವಾಗ ಆ 3.5 ಚದರ ಮೀಟರ್ ಬಿಟ್ಟುಕೊಡುವ ಹಾಗಿಲ್ಲ. ತೋರಗಾಳಿ 24 ದಾಟಿದರೆ 105 ಹಾಗೇ ಇರಲಿ, ಮುಖ್ಯ ಹಾಯಿಗೆ ರೀಫ್ ಹಾಕಿ (ಕೆಳಭಾಗ ಮಡಚಿ ಕಟ್ಟಿ ಸಣ್ಣ ಮಾಡಿ).

ಬದಲಿಸುವಾಗ 148ರ ಅತಿ ಕೆಳಗಿನ ಒಂದು ಹ್ಯಾಂಕ್ ಬಿಚ್ಚಿ, ಆ ತೆರಪಿನಲ್ಲಿ 105ರ ಹನ್ನೆರಡನ್ನೂ ಫೋರ್‌ಸ್ಟೇಗೆ ಸಿಕ್ಕಿಸಿಟ್ಟು, ಅದರದೇ ಶೀಟ್‌ಗಳನ್ನು ಒಳಗಿನ ಕಾರಿಗೆ ಪೋಣಿಸಿ. ಆಮೇಲೆ 148 ಇಳಿಸಿ, ಹ್ಯಾಂಕ್ ಬಿಚ್ಚಿ, ಹ್ಯಾಲ್ಯಾರ್ಡ್ ಬದಲಿಸಿ, ಏರಿಸಿ. ದೋಣಿ ಮುಂದಿನ ಹಾಯಿಯಿಲ್ಲದೆ ಬರಿತಲೆಯಲ್ಲಿರುವುದು ಈ ಕೊನೆಯ ಭಾಗದಲ್ಲಿ ಮಾತ್ರ. ಎರಡೂ ಹಾಯಿಗೆ ಒಂದೇ ಜೊತೆ ಶೀಟ್ ಬಳಸಿದರೆ ಈ ಉಳಿತಾಯ ಇಲ್ಲ, 8 ಮಿ.ಮೀ. ಹಗ್ಗದ ಎರಡನೆಯ ಜೊತೆ ಇಟ್ಟುಕೊಳ್ಳಿ.

ಸರಿಹೊಂದಿದ ಕಾರಿನ ತೂತುಗಳ ಎದುರು ಡೆಕ್ ಮೇಲೆ ಬಣ್ಣದ ಗುರುತು ಹಾಕಿ: 148ಕ್ಕೆ ಕೆಂಪು, 105ಕ್ಕೆ ನೀಲಿ, 10 ನಾಟ್ ಮತ್ತು 16 ನಾಟ್‌ಗೆ ಬೇರೆ ಬೇರೆ. ಬ್ಯಾಕ್‌ಸ್ಟೇ ಹಗ್ಗಕ್ಕೂ ಹಾಗೆಯೇ. ಹ್ಯಾಲ್ಯಾರ್ಡ್‌ನ ಗುರುತು ಮಾತ್ರ ವರ್ಷಕ್ಕೊಮ್ಮೆ ಸರಿಸಬೇಕು, ಹಗ್ಗ ಹಿಗ್ಗುತ್ತದೆ. ಜೂನ್‌ಗೆ ಮೊದಲು ಎರಡೂ ಹಾಯಿ ತೊಳೆದು, ಹೊಲಿಗೆಯ ಒಳಪದರವೂ ಒಣಗುವಷ್ಟು ನೆರಳಲ್ಲಿಟ್ಟು, ಸಡಿಲ ಸುರುಳಿ ಸುತ್ತಿ ಅಟ್ಟದಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಳೆಗಾಲದ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಕಪ್ಪು ಬೂಷ್ಟು ಹಿಡಿದಿರುತ್ತದೆ, ಬೂಷ್ಟಿನ ಕಲೆ ಡ್ಯಾಕ್ರಾನ್‌ನಿಂದ ಪೂರ್ತಿ ಹೋಗುವುದಿಲ್ಲ. ಕ್ಲ್ಯೂವಿನ ಕೈಹೊಲಿಗೆ ಮತ್ತು ಲೀಚ್ ಟೇಪಿನ ಕೆಳಗಿನ ಒಂದು ಮೀಟರನ್ನು ಅಕ್ಟೋಬರಿನಲ್ಲಿ ಹೊರತೆಗೆಯುವಾಗ ಮೊದಲು ನೋಡಿ. ಈ ಜಿಬ್‌ನಲ್ಲಿ ದಾರ ಬಿಡುವುದಾದರೆ ಮೊದಲು ಬಿಡುವುದು ಅಲ್ಲಿಯೇ.